ಮಹಡಿಮನೆ ಮೇಷ್ಟ್ರ ಉಸಿರು
ಜನ ಹುಚ್ಚೆದ್ದು ಕೇಳುವ ಗಾಯಕಿಯೊಬ್ಬಳ ಹಾಡುಗಳನ್ನೆಲ್ಲ ಬರೆದು, ರಾಗ ಹಾಕಿ, ಸ್ಟುಡಿಯೋದಲ್ಲಿ ಸಿದ್ಧಮಾಡುವವರು ನಮ್ಮ ಮಹಡಿಮನೆ ಮೇಷ್ಟ್ರು. ಸಾಲೊಂದು ಹೊಳೆದರೆ ಮುಗಿಯಿತು, ಬಾಯ್ತುಂಬ ಪೇಸ್ಟಿನ ನೊರೆಯಿದ್ದರೂ ಬಕೆಟ್ಟಿನ ಮೇಲೆ ತಾಳ ಬಡಿಯುತ್ತಾರೆ. “ಇದು ಊರನ್ನೇ ಕುಣಿಸತ್ತೆ, ಬರೆದಿಟ್ಕೋ” ಎಂದರೆ, ಹೆಂಡತಿ “ಮೊದ್ಲು ಬಾಯಿ ತೊಳ್ಕೊಳ್ರಿ” ಎನ್ನುತ್ತಾರೆ. ಗಾಯಕಿ ಕಲಿಯಲೆಂದು ಪ್ರತಿ ಹಾಡನ್ನೂ ಮೊದಲು ತಮ್ಮ ಒಡಕು ದನಿಯಲ್ಲೇ ಹಾಡಿ ಕಳಿಸುವುದು ಅವರ ಪದ್ಧತಿ. ಒಮ್ಮೆ ಪಲ್ಲವಿಯ ನಡುವೆ ಉಬ್ಬಸ ಬಂದು ‘ಹ್ಹಾ’ ಎಂದು ಉಸಿರೆಳೆದಿದ್ದರು. ಗಾಯಕಿ ಅದೂ ಹಾಡಿನ ಭಾಗವೆಂದೇ ಕಲಿತುಬಿಟ್ಟಳು. ಮೊನ್ನೆ ಮೈದಾನದಲ್ಲಿ ನಡೆದ ಅವಳ ಕಾರ್ಯಕ್ರಮದಲ್ಲಿ ಆ ಪಲ್ಲವಿ ಬಂದಾಗ ಸಾವಿರಾರು ಜನ ಒಟ್ಟಿಗೆ ‘ಹ್ಹಾ’ ಎಂದರು. ಮೇಷ್ಟ್ರು ಹಿಂದಿನ ಸಾಲಿನಲ್ಲಿ, ಯಾರಿಗೂ ಗುರುತಿಲ್ಲದೆ, ಹೆಂಡತಿಯ ಜೊತೆ ನಿಂತಿದ್ದರು. ಹೆಂಡತಿ ಮೆಲ್ಲಗೆ ಹೇಳಿದರು, “ಇಷ್ಟು ವರ್ಷ ನಿಮ್ಮ ಉಬ್ಬಸ ನನಗೊಬ್ಬಳಿಗೇ ಗೊತ್ತಿತ್ತು. ಈಗ ಊರಿಗೆಲ್ಲ ಬಾಯಿಪಾಠ.”