ಟೈಪಿಂಗ್ ಅಕ್ಕೋರ ಅಮೆರಿಕ

ಹೋದ ತಿಂಗಳು ಒಂದು ಅಫಿಡವಿಟ್ಟಿಗಾಗಿ ಚನ್ನಗಿರಿಯ ಕೋರ್ಟಿನ ಮುಂದೆ ಕಾಯುತ್ತಿದ್ದೆ. ಅಲ್ಲಿ ಈಗ ಟೈಪ್ ಮಾಡುವವರು ಒಬ್ಬರೇ ಉಳಿದಿದ್ದಾರೆ, ಮಿಕ್ಕವರೆಲ್ಲ ಕಂಪ್ಯೂಟರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅವರು ಮೆಷಿನ್ನಿನ ಹಳೆಯ ರಿಬ್ಬನ್ ಬಿಚ್ಚಿ, ಹೊಸ ರಿಬ್ಬನ್ನಿನ ತಗಡಿನ ಡಬ್ಬಿ ತೆರೆದರು. ಶಾಯಿ, ಎಣ್ಣೆ, ಒಂದಿಷ್ಟು ತುಕ್ಕು... ಆ ವಾಸನೆ ಬಂದದ್ದೇ ತಡ, ನಾನು ಚನ್ನಗಿರಿಯಲ್ಲಿರಲಿಲ್ಲ. ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯ ಕೋಣೆಯಲ್ಲಿದ್ದೆ. ಪಕ್ಕದಲ್ಲಿ ನನಗೆ ಟೈಪಿಂಗ್ ಕಲಿಸಿದ ಅಕ್ಕೋರು ನಿಂತಿದ್ದರು.

ಹೆಣ್ಣುಮಗಳೊಬ್ಬಳು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವುದು ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಯಾರೂ ಕಂಡಿರದ ಸಂಗತಿ. ಅಕ್ಕೋರಿಗೆ ಆಗ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಕೋಣೆಯಲ್ಲಿ ಆರು ಮೆಷಿನ್ನುಗಳಿದ್ದವು. ಅವರು ನಮಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ಕುಳಿತಿದ್ದರೂ ಯಾರ ಬೆರಳು ಜಾರಿತು ಎಂಬುದು ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ನಾನು ನ್ಯಾಮತಿಯಿಂದ ಬೆಳಗಿನ ಬಸ್ಸಿಗೆ ಬಂದು, ಒಂದು ತಾಸು ಕಲಿತು, ಮಧ್ಯಾಹ್ನದೊಳಗೆ ಮನೆ ಸೇರುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯನ್ನು ಅಪ್ಪ ಅಷ್ಟು ದೂರ ಕಳಿಸಿದ್ದೇ ಅಮ್ಮನ ಕಾಟ ತಾಳಲಾರದೆ.

ಪಾಠದ ಪುಸ್ತಕದಲ್ಲಿದ್ದ ಕಾಗದಗಳೆಲ್ಲ ಒಂದೇ ಬಗೆಯವು. ಯಾವುದೋ ಕಂಪನಿ ಇನ್ಯಾವುದೋ ಕಂಪನಿಗೆ ಸಿಮೆಂಟಿನ ಬಗ್ಗೆ ಬರೆದದ್ದು. ಟೈಪ್ ಮಾಡುತ್ತಲೇ ನಿದ್ದೆ ಬರುತ್ತಿತ್ತು. ಅಕ್ಕೋರು ಎಲ್ಲಿಂದಲೋ ಅಮೆರಿಕದ ಊರುಗಳ ಪ್ರವಾಸಿ ಕಚೇರಿಗಳ ವಿಳಾಸ ಹುಡುಕಿ ಇಟ್ಟುಕೊಂಡಿದ್ದರು. ಕೇಳಿದವರಿಗೆಲ್ಲ ಆ ಕಚೇರಿಯವರು ಬಣ್ಣದ ಪುಸ್ತಿಕೆಗಳನ್ನು ಪುಕ್ಕಟೆ ಕಳಿಸುತ್ತಿದ್ದರಂತೆ. ಪರೀಕ್ಷೆಗೆ ಮೂರು ತಿಂಗಳಿದ್ದಾಗ ಒಬ್ಬೊಬ್ಬರಿಗೂ ಒಂದೊಂದು ಊರು ಹಂಚಿದರು. ಹರಿಹರದಿಂದ ಬರುತ್ತಿದ್ದವನಿಗೆ ಶಿಕಾಗೊ, ಪೋಸ್ಟ್ ಮಾಸ್ತರರ ಮಗಳಿಗೆ ಬಾಸ್ಟನ್. ನನಗೆ ಸಿಯಾಟಲ್ ಬಂತು. ನಿಮ್ಮ ಊರಿನಲ್ಲಿ ಎಲ್ಲಿ ಉಣ್ಣಬೇಕು, ಏನು ಕೊಳ್ಳಬೇಕು, ಏನು ನೋಡಬೇಕು, ಸಂಜೆ ಎಲ್ಲಿಗೆ ಹೋಗಬೇಕು ದಯವಿಟ್ಟು ತಿಳಿಸಿ ಎಂದು ಇಂಗ್ಲಿಷಿನಲ್ಲಿ ಕೇಳಬೇಕು. ಒಂದು ಅಕ್ಷರ ತಪ್ಪಿದರೂ ಆ ಹಾಳೆ ಅಂಚೆಗೆ ಹೋಗುವುದಿಲ್ಲ.

ನಾವ್ಯಾರೂ ಅಲ್ಲಿಗೆ ಹೋಗುವವರಲ್ಲವಲ್ಲ ಎಂದು ಶಿಕಾಗೊದವನು ಗೊಣಗಿದ. ಅಕ್ಕೋರು ಅವನ ಹಾಳೆ ಸರಿಮಾಡುತ್ತಲೇ ಹೇಳಿದರು.

"ಹೋಗಾಕೆ ಅಲ್ಲಪ್ಪ. ಆ ಕಡೆ ಯಾರೋ ಒಬ್ರು ಓದ್ತಾರೆ ಅಂತ ಗೊತ್ತಿದ್ರೆ ಬೆರಳು ತಾನಾಗೇ ಎಚ್ಚರ ಆಗತೈತೆ."

ಅದು ನಿಜವಾಗಿತ್ತು. ನಾನು ಹನ್ನೊಂದು ಹಾಳೆ ಕೆಡಿಸಿದೆ. ಹನ್ನೆರಡನೆಯದು ಚೊಕ್ಕಟವಾಯಿತು. ಉತ್ತರ ಬರಬೇಕಾದ ವಿಳಾಸದಲ್ಲಿ ಇನ್‌ಸ್ಟಿಟ್ಯೂಟಿನ ಹೆಸರು ಹಾಕಲು ಹೊರಟಾಗ ಅವರು ಬಿಡಲಿಲ್ಲ. ಮನೆಯ ವಿಳಾಸವನ್ನೇ ಹಾಕಿಸಿದರು. ಅಲ್ಲಿಯವರೆಗೆ ನನ್ನ ಹೆಸರಿಗೆ ಯಾವ ಕಾಗದವೂ ಬಂದಿರಲಿಲ್ಲ.

ಎರಡು ತಿಂಗಳ ಮೇಲೆ ದಪ್ಪನೆಯ ಲಕೋಟೆ ಬಂತು. ಅಪ್ಪ ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು, ಅಂಚೆಯವನು ಗಿರಾಕಿಗಳ ಎದುರಿಗೇ ಅದನ್ನು ಗಾದಿಯ ಮೇಲಿಟ್ಟ. ದೊಡ್ಡಪ್ಪ ಅಲ್ಲೇ ಕುಳಿತಿದ್ದರು. ಮದುವೆ ವಯಸ್ಸಿನ ಹುಡುಗಿಗೆ ಅಮೆರಿಕದಿಂದ ಕಾಗದ. ಅವರೇ ಒಡೆದರು. ತೆರೆದುಕೊಂಡದ್ದು ಸಂಜೆಯ ಪುಟ. ತೋಳಿಲ್ಲದ ಅಂಗಿಯ ಹೆಂಗಸೊಬ್ಬಳು ಗ್ಲಾಸು ಹಿಡಿದು ಕುಣಿಯುತ್ತಿದ್ದ ಚಿತ್ರ. ನಾನು ಊಟದ ಬುತ್ತಿ ಹಿಡಿದು ಅಂಗಡಿಗೆ ಹೋಗುವಷ್ಟರಲ್ಲಿ ಪುಸ್ತಿಕೆ ಅಪ್ಪನ ಬೀರು ಸೇರಿತ್ತು. ಲಕೋಟೆಯ ಮೇಲೆ ಟೈಪ್ ಆಗಿದ್ದ ನನ್ನ ಹೆಸರನ್ನು ಮಾತ್ರ ಕಂಡೆ. ಆಗ ಸಂತೇಬೆನ್ನೂರಿನ ಕಡೆಯಿಂದ ನನಗೊಂದು ಸಂಬಂಧದ ಮಾತು ನಡೆದಿತ್ತು. ಇಂಥದ್ದೊಂದು ಸುದ್ದಿ ಅವರ ಕಿವಿಗೆ ಬಿದ್ದರೆ ಏನು ಗತಿ ಎಂದು ದೊಡ್ಡಪ್ಪ ಸಂಜೆಯವರೆಗೆ ಹೇಳುತ್ತಲೇ ಇದ್ದರು. ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, ನಾಳೆಯಿಂದ ಹೊನ್ನಾಳಿಗೆ ಹೋಗುವುದು ಬ್ಯಾಡ ಅಂದರು, ಅಷ್ಟೇ. ಪರೀಕ್ಷೆಗೆ ಮೂರು ವಾರವಿತ್ತು.

ನಾಲ್ಕು ದಿನ ಮನೆಯಲ್ಲಿ ಕುಳಿತೆ. ಅಕ್ಕಿ ಆರಿಸುವಾಗ ಬೆರಳುಗಳು ಮೊರದ ಅಂಚಿನ ಮೇಲೆ ತಾವೇ ಓಡುತ್ತಿದ್ದವು... ಅಮ್ಮ ನೋಡಿಯೂ ನೋಡದಂತೆ ಎದ್ದು ಹೋಗುತ್ತಿದ್ದಳು.

ಐದನೆಯ ದಿನ ಭಾನುವಾರ. ಅಂಗಡಿಯಿಂದ ತಂಗಿ ಓಡಿ ಬಂದು, ನಿಮ್ಮ ಅಕ್ಕೋರು ಬಂದಾರೆ ಅಂದಳು. ಹೋಗಿ ನೋಡಿದರೆ ಅವರು ಗಾದಿಯ ತುದಿಯಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಸೀರೆ ಕೊಳ್ಳಲು ಬಂದವರ ಹಾಗೆ ಕುಳಿತಿದ್ದರು. ಅಂಗಡಿಯಲ್ಲಿ ನಡೆದದ್ದು ಅವರ ಕಿವಿಗೂ ಬಿದ್ದಿತ್ತು. ನನ್ನನ್ನು ಕ್ಲಾಸಿಗೆ ಕಳಿಸಿ ಎಂದು ಕೇಳಲೇ ಇಲ್ಲ. ಬಂದ ಪುಸ್ತಿಕೆ ಕೊಡಿ, ಓದಿ ಹೇಳುತ್ತೇನೆ, ನೀವು ಕೇಳಿ ಅಂದರು. ಅಪ್ಪ ಬೀರು ತೆರೆದು ಲಕೋಟೆ ಸಮೇತ ಕೊಟ್ಟರು. ದೊಡ್ಡಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಅಕ್ಕೋರು ಒಂದೊಂದೇ ಪುಟ ತಿರುವಿ ಕನ್ನಡದಲ್ಲಿ ಹೇಳುತ್ತಾ ಹೋದರು. ಆ ಊರಿನಲ್ಲಿ ಸಮುದ್ರದ ದಂಡೆಗೇ ಸಂತೆ, ಮೀನು, ಹೂವು, ತರಕಾರಿ ಎಲ್ಲ ಒಂದೇ ಸೂರಿನಡಿ. ಒಂದು ಎತ್ತರದ ಗೋಪುರ, ಅದರ ನೆತ್ತಿಯ ಮೇಲೆ ನಿಧಾನ ತಿರುಗುವ ಹೋಟೆಲು. ಆಚೆ ದಂಡೆಗೆ ಹೋಗಲು ಕಾರುಗಳನ್ನೇ ಹೊತ್ತೊಯ್ಯುವ ದೋಣಿ. ಆಮೇಲೆ ಬಟ್ಟೆ ಅಂಗಡಿಗಳ ಪುಟ ಬಂತು. ಒಂದು ಅಂಗಡಿಗೆ ಎಷ್ಟೋ ಅಂತಸ್ತು, ಅದರಲ್ಲಿ ಒಂದು ಪೂರ್ತಿ ಅಂತಸ್ತು ಬರೀ ಹೊಲಿಯದ ಬಟ್ಟೆಗೆ. ಒಯ್ದ ಬಟ್ಟೆ ಮನಸ್ಸಿಗೆ ಬರದಿದ್ದರೆ ವಾಪಸ್ ತರಬಹುದು ಎಂದು ಅವರು ಓದಿದಾಗ ಅಪ್ಪ ಮೊದಲ ಸಲ ಬಾಯಿ ತೆರೆದರು.

"ಕತ್ತರಿಸಿದ ಬಟ್ಟೆನೂ ತಗಂತಾರಾ?"

"ಅದು ಬರ್ದಿಲ್ರಿ. ಬೇಕಂದ್ರೆ ಇನ್ನೊಂದು ಕಾಗದ ಹಾಕಿ ಕೇಳೋಣ."

ಗಿರಾಕಿಗಳಲ್ಲಿ ಯಾರೋ ನಕ್ಕರು. ಅಪ್ಪನೂ ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. ಆ ಕುಣಿಯುವ ಹೆಂಗಸಿನ ಪುಟ ಬಂತು. ಅಕ್ಕೋರು ಅದನ್ನು ದಾಟಿಸಿ ಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನೂ ಪೂರ್ತಿ ಓದಿದರು.

"ಇಲ್ಲಿ ಹಾಡ್ತಾರೆ, ಕುಣೀತಾರೆ, ಕುಡೀತಾರೆ. ನಾನು ಮುಚ್ಚಿಡಾಂಗಿಲ್ರಿ. ಸಂಜೆ ಎಲ್ಲಿಗೆ ಹೋಗ್ಬೇಕು ಅಂತ ಕೇಳ್ಸಿದ್ದು ನಾನು. ತಪ್ಪು ಅನ್ನಂಗಿದ್ರೆ ಅದು ನಂದು, ಹುಡುಗೀದಲ್ಲ."

ಅಷ್ಟು ಹೇಳಿ ಲಕೋಟೆಯೊಳಗೆ ಬೆರಳು ಹಾಕಿ ಒಂದು ತೆಳು ಹಾಳೆ ತೆಗೆದರು. ಅದನ್ನು ಯಾರೂ ನೋಡಿರಲಿಲ್ಲ. ಆ ಕಚೇರಿಯ ಹೆಂಗಸೊಬ್ಬಳು ನನಗೆ ಬರೆದ ನಾಲ್ಕು ಸಾಲು. ಕೆಳಗೆ ಪೆನ್ನಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು. ನಾನೂ ಈ ಕಚೇರಿಯ ಟೈಪಿಸ್ಟ್, ಇಷ್ಟು ಅಚ್ಚುಕಟ್ಟಾದ ಕಾಗದ ನಮ್ಮ ಮೇಜಿಗೆ ಬರುವುದು ಅಪರೂಪ ಎಂದು.

ಅಪ್ಪ ಆ ಸಾಲನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಹಾಳೆಯನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷ್ ಬಾರದಿದ್ದರೂ, ಬಹಳ ಹೊತ್ತು ನೋಡಿದರು. ಪರೀಕ್ಷೆ ಮುಗಿಯೋವರೆಗೆ ಹೋಗ್ಲಿ ಅಂದರು. ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಸಂತೇಬೆನ್ನೂರಿನವರು ಮುಂದೆ ಬರಲಿಲ್ಲ. ಆ ಕಾಗದದ ಸುದ್ದಿಯಿಂದಲೋ ಬೇರೆ ಕಾರಣಕ್ಕೋ ಇವತ್ತಿಗೂ ಗೊತ್ತಿಲ್ಲ. ಅಮ್ಮ ಒಂದು ವಾರ ಅತ್ತಳು. ನಾನು ಪರೀಕ್ಷೆ ಪಾಸಾದೆ.

ಪೇಡೆ ಕೊಡಲು ಅಕ್ಕೋರ ಮನೆಗೆ ಮೊದಲ ಸಲ ಹೋದದ್ದು ಆಗಲೇ. ಒಳಕೋಣೆಯಲ್ಲಿ ಅವರ ತಾಯಿ ಮಲಗಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದು ಏಳೆಂಟು ವರ್ಷವಾಗಿತ್ತಂತೆ. ಅವರನ್ನು ಬಿಟ್ಟು ಅಕ್ಕೋರು ಒಂದು ದಿನಕ್ಕಿಂತ ಹೆಚ್ಚು ಎಲ್ಲೂ ಹೋದವರಲ್ಲ. ಬೆಂಗಳೂರು ಕೂಡ ಕಂಡಿರಲಿಲ್ಲ. ಮಂಚದ ತಲೆಯ ಹತ್ತಿರದ ಗೂಡಿನಲ್ಲಿ ಪುಸ್ತಿಕೆಗಳನ್ನು ಊರಿನ ಪ್ರಕಾರ ಜೋಡಿಸಿಟ್ಟಿದ್ದರು. ದಿನಾ ಸಂಜೆ ಕ್ಲಾಸು ಮುಗಿಸಿ ಬಂದು ಒಂದು ಊರು ತೆಗೆಯುವರು, ಇವತ್ತು ಎಲ್ಲಿ ಉಣ್ಣೋಣ ಎಂದು ತಾಯಿಯನ್ನು ಕೇಳುವರು. ಅಜ್ಜಿ ಆರಿಸಿ ಹೇಳಿದ ಮೇಲೆ ಅನ್ನ ಕಲಸಿ ತುತ್ತಿಡುವರು.

ಅಜ್ಜಿ ನನ್ನನ್ನು ನೋಡಿ, ನಿಂದ್ಯಾವೂರವ್ವ ಅಂದರು. ನ್ಯಾಮತಿ ಅಂದೆ. ಅದಲ್ಲ, ಅಮೆರಿಕದಾಗೆ ಯಾವೂರು ಅಂದರು. ಸಿಯಾಟಲ್ ಎಂದ ಕೂಡಲೇ ಅವರ ಮುಖ ಅರಳಿತು.

"ಅದಾ. ಹೋಟ್ಲು ತಿರುಗತೈತಲ್ಲ, ಅಲ್ಲಿ. ಉಣ್ಣಾಕೆ ಕುಂತೋರಿಗೆ ತಲೆ ಸುತ್ತಾಂಗಿಲ್ಲೇನು?"

ಸುತ್ತಲ್ಲಂತೆ ಅಜ್ಜಿ, ಭಾಳ ನಿಧಾನ ತಿರುಗತೈತಂತೆ ಅಂದೆ. ಅಕ್ಕೋರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ಕ್ಲಾಸಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ...

ಮುಂದೆ ನನಗೆ ಜಗಳೂರಿನ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಮದುವೆಯೂ ಅಲ್ಲಿಯ ಮೇಷ್ಟ್ರೊಬ್ಬರ ಜೊತೆ ಆಯಿತು. ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ನಾನು ಬಾಣಂತಿ, ಹೋಗಲಾಗಲಿಲ್ಲ. ಏನು ಬರೆಯಬೇಕೋ ತಿಳಿಯದೆ ಒಂದು ವಾರ ಒದ್ದಾಡಿದೆ. ಕೊನೆಗೆ ಕಚೇರಿಯ ಕನ್ನಡ ಮೆಷಿನ್ನಿನಲ್ಲಿ, ಊಟದ ಬಿಡುವಿನಲ್ಲಿ ಕುಳಿತು, ಜಗಳೂರಿನ ಬಗ್ಗೆ ಒಂದು ಹಾಳೆ ಹೊಡೆದೆ. ಎಲ್ಲಿ ಉಣ್ಣಬೇಕು: ಬಸ್ ಸ್ಟ್ಯಾಂಡಿನ ಎದುರಿಗಿನ ಮಂಡಕ್ಕಿ ಮೆಣಸಿನಕಾಯಿ, ಬಳಿಕ ನಮ್ಮ ಮನೆ. ಏನು ಕೊಳ್ಳಬೇಕು: ಕರೀ ಕಂಬಳಿ, ನೇಯ್ದವರ ಮನೆ ಬಾಗಿಲಿನಲ್ಲೇ. ಏನು ನೋಡಬೇಕು: ಕೆರೆ ಏರಿ, ನನ್ನ ಮಗಳು. ಸಂಜೆ ಎಲ್ಲಿಗೆ ಹೋಗಬೇಕು: ಟೂರಿಂಗ್ ಟಾಕೀಸು, ಇಲ್ಲವಾದರೆ ಮಾಳಿಗೆ.

ಹದಿನೈದು ದಿನಕ್ಕೆ ಅವರು ಬಂದಿಳಿದರು. ಕೈಯಲ್ಲಿ ಆ ಹಾಳೆ. ಮೂರು ದಿನ ಇದ್ದರು, ಒಂದನ್ನೂ ಬಿಡದೆ ಬರೆದ ಪ್ರಕಾರವೇ ನೋಡಿದರು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮಾಳಿಗೆಯ ಮೇಲೆ ಕುಳಿತಾಗ ಒಂದು ಮಾತು ಹೇಳಿದರು.

"ನಾನು ಊರು ಬಿಟ್ಟು ಮೂರು ದಿನ ಇರೋದು ಇದೇ ಮೊದಲು ಕಣವ್ವ. ಹೆಂಗಿರಬೇಕು ಗೊತ್ತಾಗಲ್ಲ ಅಂತ ಅಂಜಿದ್ದೆ. ನೀನು ಎಲ್ಲಾ ಬರೆದು ಕಳಿಸಿದ್ದಿ ನೋಡು, ಸಲೀಸಾತು."

ಆಮೇಲೆ ನನಗೆ ಚನ್ನಗಿರಿಗೆ ವರ್ಗವಾಯಿತು. ಚನ್ನಗಿರಿಯದೂ ಒಂದು ಹಾಳೆ ಕಳಿಸು, ಬರ್ತೀನಿ ಎಂದು ಅವರು ಕಾರ್ಡು ಹಾಕಿದರು. ಶುರು ಮಾಡಿದ್ದೆ. ಊಟ ಆಗಿತ್ತು, ಖರೀದಿ ಆಗಿತ್ತು. ಎರಡನೆಯ ಮಗು, ಅತ್ತೆಯ ಆಪರೇಶನ್ನು, ಕಚೇರಿಯ ಕೆಲಸ... ಹಾಳೆ ಮೇಜಿನ ಖಾನೆಯಲ್ಲೇ ಉಳಿಯಿತು. ಆ ಬೇಸಿಗೆಯಲ್ಲಿ ಪೋಸ್ಟ್ ಮಾಸ್ತರರ ಮಗಳಿಂದ ಕಾಗದ ಬಂತು. ಅಕ್ಕೋರು ಕ್ಲಾಸಿನಲ್ಲೇ ಕುಸಿದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನಾನು ಹೊನ್ನಾಳಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂವತ್ತು ವರ್ಷಕ್ಕೂ ಮೇಲೆ ನಾನು ದುಡಿದು ಉಂಡೆ. ಮಕ್ಕಳನ್ನು ಓದಿಸಿದೆ. ಅಪ್ಪನ ಕೊನೆಗಾಲದಲ್ಲಿ ಅವರ ಔಷಧಿಯನ್ನೂ ನನ್ನ ಸಂಬಳದಲ್ಲೇ ತಂದೆ. ಒಂದು ಭಾನುವಾರ ಬಸ್ಸು ಹತ್ತಿ ಬಂದು ನಮ್ಮ ಗಾದಿಯ ತುದಿಯಲ್ಲಿ ಕುಳಿತವರು ಇಲ್ಲದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದೆ.

ಚನ್ನಗಿರಿಯ ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ. 'ಏನು ನೋಡಬೇಕು' ಎಂಬಲ್ಲಿಗೆ ನಿಂತಿದೆ.