ಗುರುಬಸಮ್ಮ ಬಿಚ್ಚಿದ ಕೆಂಪು ಗಂಟು

ಮಾವಳ್ಳಿಯ ಗುರುಬಸಮ್ಮನಿಗೆ ಕೆಲಸ ಸಿಕ್ಕಿದ್ದೇ ಓದು ಬಾರದ್ದರಿಂದ. ಯುದ್ಧ ನಡೀತಿದ್ದಾಗ ಅವಳ ಗಂಡ ಎದೆ ಕಾಯಿಲೆಯಿಂದ, ಕ್ಷಯ ಅಂತಾರಲ್ಲ ಅದರಿಂದ, ಹೋದ. ಹನ್ನೊಂದು ತಿಂಗಳು ಅವನ ಪಕ್ಕದಲ್ಲೇ ಕೂತು ಕೆಮ್ಮು ಕೇಳಿದ್ದಳು. ಅವನು ಜವಾನನಾಗಿದ್ದದ್ದು ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ. ಅಲ್ಲಿ ಯೂನಿವರ್ಸಿಟಿಗೆ ಸಂಬಂಧಪಟ್ಟ ಹಳೇ ಕಾಗದಗಳ ರೆಕಾರ್ಡ್ ರೂಮಿತ್ತು. ಅದಕ್ಕೆ ಒಂದು ಆಳು ಬೇಕಾಗಿತ್ತು. ಅಲ್ಲಿನ ಗುಮಾಸ್ತರು ರೇವಣಸಿದ್ದಯ್ಯ, "ಇಲ್ಲಿಗೆ ಓದೋರು ಬೇಡಮ್ಮ, ಎತ್ತಿಡೋರು ಬೇಕು. ಓದು ಬಂದೋರ ಬಾಯಿ ಸುಮ್ಮನಿರಲ್ಲ," ಅಂದು ಸೇರಿಸಿಕೊಂಡರು.

ಆ ಕೋಣೆಯಲ್ಲಿ ಎರಡು ಥರದ ಗಂಟು. ಬಿಳೀ ಬಟ್ಟೆಯಲ್ಲಿ ಕಟ್ಟಿದ್ದು ಹಾಜರಿ ಪುಸ್ತಕ, ಮಾರ್ಕಿನ ಪಟ್ಟಿ. ಯಾರು ಕೇಳಿದರೂ ತೋರಿಸಬಹುದು. ಕೆಂಪು ಬಟ್ಟೆಯಲ್ಲಿ ಕಟ್ಟಿದ್ದು ಗುಟ್ಟಿನ ಕಾಗದ. ಕಾಪಿ ಹೊಡೆದು ಸಿಕ್ಕಿಬಿದ್ದವರ ವಿಚಾರಣೆ, ಮೇಷ್ಟ್ರುಗಳ ಮೇಲಿನ ದೂರು, ಹಾಸ್ಟೆಲಿನ ಡಾಕ್ಟರು ಬರೆದಿಟ್ಟದ್ದು, ಇಂಥವು. ಅದನ್ನು ಬಿಚ್ಚಬೇಕಾದರೆ ಪ್ರಿನ್ಸಿಪಾಲರ ಚೀಟಿ ಬೇಕು. ಇಲ್ಲವೇ ಕಾಗದ ಯಾರದೋ ಅವರೇ ಅರ್ಜಿ ಕೊಟ್ಟು ಬರಬೇಕು. ಬಿಚ್ಚಿದವರು ಬಾಗಿಲ ಪಕ್ಕದ ಉದ್ದನೆ ಪುಸ್ತಕದಲ್ಲಿ ಹೆಸರು, ದಿನ, ಕಾರಣ ಬರೀಬೇಕು.

ಗಂಟುಗಳ ಮೇಲಿನ ಚೀಟಿ ನೋಡಿ ನೋಡಿ ಗುರುಬಸಮ್ಮನಿಗೆ ಅಕ್ಷರ ಬಂತು. ಒತ್ತಕ್ಷರ ಸಿಕ್ಕಿದರೆ ನಿಲ್ಲೋಳು, ಬಿಡೋಳಲ್ಲ. ಗುಮಾಸ್ತರಿಗೆ ಇದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಹೀಗೇ ಒಂಬತ್ತು ವರ್ಷ ಕಳೀತು.

ಐವತ್ಮೂರನೇ ಇಸವಿ ಮಾಘದಲ್ಲಿ ಮಗಳು ಸರ್ವಮಂಗಳಾಗೆ ಗಂಡು ಗೊತ್ತಾಯಿತು. ಹುಡುಗ ಮಲ್ಲಿಕಾರ್ಜುನಯ್ಯ ಅದೇ ಕಾಲೇಜಿನಲ್ಲಿ ಓದಿ, ವಿಶ್ವೇಶ್ವರಪುರದ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಸೋಮವಾರ ನಿಶ್ಚಯ ಅಂದರೆ ಗುರುವಾರ ಅವಳ ತಮ್ಮ ಶಂಭುಲಿಂಗಪ್ಪ ತರಗುಪೇಟೆಯಲ್ಲಿನ ಬೇಳೆ ಅಂಗಡಿ ಮುಚ್ಚಿಕೊಂಡು ಬಂದ.

"ಅಕ್ಕ, ಆ ಹುಡುಗ ಹಾಸ್ಟೆಲಿನಲ್ಲಿದ್ದಾಗ ಎಷ್ಟೋ ತಿಂಗಳು ಕಾಣಿಸ್ಲೇ ಇಲ್ವಂತೆ. ಎದೆ ಕಾಯಿಲೆ ಅಂತಾರೆ."

"ಯಾರು ಅಂತಾರೆ?"

"ಪೇಟೆಯೆಲ್ಲ ಅಂತಾರೆ."

"ನಿನ್ನ ತೊಗರಿಬೇಳೇಲಿ ಕಲ್ಲಿದೆ ಅಂತಲೂ ಪೇಟೆಯೆಲ್ಲ ಅಂತಾರೆ."

"ತಮಾಷೆ ಸಾಕು. ಭಾವನ್ನ ನೋಡ್ಕೊಂಡೋಳು ನೀನು. ಕೀಲಿಕೈ ನಿನ್ನ ಸೊಂಟದಲ್ಲೇ ಇದೆ. ಹೆಣ್ಣು ಕೊಟ್ಟ ಮೇಲೆ ನೋಡ್ತೀಯಾ?"

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಶುಕ್ರವಾರ ಮಧ್ಯಾಹ್ನ ರೇವಣಸಿದ್ದಯ್ಯ ಊಟಕ್ಕೆ ಹೋದಾಗ ಏಣಿ ಹತ್ತಿದಳು. "ಹಾಸ್ಟೆಲು, ಡಾಕ್ಟರು, ೧೯೪೮" ಅಂತ ಕೂಡಿಸಿ ಕೂಡಿಸಿ ಓದಿ, ಹುಡುಗ ಹಾಸ್ಟೆಲಿನಲ್ಲಿದ್ದ ವರ್ಷದ ಆ ಕೆಂಪು ಗಂಟು ಇಳಿಸಿ ಬಿಚ್ಚಿದಳು. ಒಳಗೆ ಒಂದೊಂದು ಕಾಗದವೂ ಇಂಗ್ಲಿಷು. ಮೇಲಿನ ಚೀಟಿ ಕನ್ನಡದಲ್ಲಿತ್ತು, ಒಳಗೂ ಕನ್ನಡವೇ ಇರುತ್ತೆ ಅಂದುಕೊಂಡಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಬರೀತಾರೆ ಅನ್ನೋದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ತೋಚಿರಲಿಲ್ಲ ಅಷ್ಟೆ. ಕೊನೇ ಹಾಳೆವರೆಗೂ ಮಗುಚಿ ನೋಡಿದಳು. ಹುಡುಗನ ಹೆಸರು ಯಾವುದು ಅಂತಲೂ ತಿಳಿಯಲಿಲ್ಲ.

ಮೊದಲಿದ್ದ ಹಾಗೇ ಕಟ್ಟಿ ಮೇಲಿಟ್ಟಳು. ಆಮೇಲೆ ಉದ್ದನೆ ಪುಸ್ತಕ ತೆಗೆದು ಒಂದೊಂದೇ ಅಕ್ಷರ ಬರೆದಳು: ಗುರುಬಸಮ್ಮ. ಶುಕ್ರವಾರ. ಕಾರಣ, ಮಗಳು.

ಊಟ ಮುಗಿಸಿ ಬಂದ ರೇವಣಸಿದ್ದಯ್ಯ ಎರಡು ಸಲ ಓದಿದರು.

"ಇದು ಯಾರು ಬರೆದದ್ದು?"

"ನಾನೇ ಅಯ್ಯನೋರೆ."

"ನಿಮಗೆ ಬರೆಯೋಕೆ ಬರುತ್ತಾ?"

"ಅಷ್ಟು ಬರುತ್ತೆ."

"ಬರೀದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ವಲ್ಲಮ್ಮ."

"ಬಿಚ್ಚಿದೆನಲ್ಲ. ಬಿಚ್ಚಿದೋರು ಬರೀಬೇಕು."

"ಏನು ಓದಿದ್ರಿ?"

"ಎಲ್ಲ ಇಂಗ್ಲಿಷು." ಏಣಿ ಕಡೆ ನೋಡಿ ಕೇಳಿದಳು, "ಮಗಳಿಗೆ ನೋಡಿರೋ ಗಂಡಿನ ಕಾಗದ ಅದರಲ್ಲಿದೆ. ನಿಮಗೆ ಇಂಗ್ಲಿಷು ಬರುತ್ತಲ್ಲ ಅಯ್ಯನೋರೆ?"

ಅವರು ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ಒರೆಸಿಕೊಂಡರು. "ನನ್ನ ಮಗಳಿಗೇ ಆ ಗಂಡು ನೋಡಿದ್ರೂ ನಾನು ಬಿಚ್ಚಲ್ಲ. ಕಾಗದದ ಯಜಮಾನ ಬದುಕಿದಾನಲ್ಲ, ಅವನನ್ನ ಕೇಳಿ. ಇದನ್ನ ಪ್ರಿನ್ಸಿಪಾಲರಿಗೆ ನಾನು ತೋರಿಸಲೇಬೇಕು."

ತೋರಿಸಿದರು. ಅಂದೇ ಅವಳನ್ನು ರೆಕಾರ್ಡ್ ರೂಮಿನಿಂದ ತೆಗೆದು ಅಂಗಳ ಗುಡಿಸೋ ಕೆಲಸಕ್ಕೆ ಹಾಕಿದರು.

ಶನಿವಾರ ಸಾಯಂಕಾಲ ಹುಡುಗನ ಬಾಡಿಗೆ ಕೋಣೆಗೆ ಒಬ್ಬಳೇ ಹೋದಳು. ಅವನು ಚಾಪೆ ಹಾಸಿದ. ಅವಳು ಕೂರಲಿಲ್ಲ.

"ಅಪ್ಪಾ, ನಿಮ್ಮ ಕಾಯಿಲೆ ಕಾಗದ ಇದ್ದ ಗಂಟು ಬಿಚ್ಚಿದೆ. ಓದೋಕೆ ಬರಲಿಲ್ಲ. ಬಿಚ್ಚಿದ್ದು ತಪ್ಪು. ಬೇರೆ ಏನು ಕೇಳೋಕೂ ಮೊದಲು ಅದನ್ನ ಹೇಳಬೇಕಿತ್ತು."

ಮಲ್ಲಿಕಾರ್ಜುನಯ್ಯ ಚಾಪೆಯ ತುದಿ ಸರಿಮಾಡಿದ. "ಓದೋಕೆ ಬಂದಿದ್ರೆ ನನಗೆ ಹೇಳ್ತಿದ್ರಾ?"

"ಗೊತ್ತಿಲ್ಲಪ್ಪ."

ಈ ಉತ್ತರಕ್ಕೆ ಅವನು ತಲೆಯಾಡಿಸಿದ. ಎದೆ ಕಾಯಿಲೆ ನಿಜ, ಎಂಟು ತಿಂಗಳು ಆಸ್ಪತ್ರೆಯಲ್ಲಿದ್ದೆ, ವಾಸಿಯಾಗಿ ನಾಲ್ಕು ವರ್ಷವಾಯಿತು ಅಂದ. "ಬಾಯಿ ಬಿಡಬೇಡ ಅಂತ ಅಪ್ಪ ಆಣೆ ಹಾಕ್ಸಿದ್ರು. ಸೋಮವಾರ ಬರೋದೇ ಬೇಡ ಅನ್ನಿಸ್ತಿತ್ತು ನನಗೆ."

ಮನೆಗೆ ಬಂದು ಮಗಳಿಗೆ ಒಂದೂ ಬಿಡದೆ ಹೇಳಿದಳು. ಶಂಭುಲಿಂಗಪ್ಪನೂ ಅಲ್ಲೇ ಇದ್ದ. "ಮುಗೀತಲ್ಲ. ಬೇರೆ ಗಂಡು ನೋಡೋಣ," ಅಂದ.

ಸರ್ವಮಂಗಳಾ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಹಳೇ ಕಾಗದದಲ್ಲಿ ಹಳೇ ಕಾಯಿಲೆ ಇರುತ್ತೆ ಮಾವ. ಈಗ ಹೆಂಗಿದೆ ಅಂತ ಎಕ್ಸ್‌ರೇ ತೆಗೆಸ್ಲಿ."

"ಗಂಡಿನ ಜಾತಕ ಕೇಳೋದು ಕಂಡಿದೀನಿ. ಎದೆ ಫೋಟೋ ಕೇಳೋದು ಎಲ್ಲೂ ಕಾಣೆ."

"ಅಪ್ಪನ ಜಾತಕ ಚೆನ್ನಾಗೇ ಇತ್ತಂತಲ್ಲ."

ಶಂಭುಲಿಂಗಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ನಿಶ್ಚಯ ಮುಂದಕ್ಕೆ ಹೋಯಿತು.

ಹನ್ನೆರಡು ದಿನಕ್ಕೆ ಮಲ್ಲಿಕಾರ್ಜುನಯ್ಯ ತಾನೇ ಎಕ್ಸ್‌ರೇ ಹಾಳೆ ತಂದ. ಜೊತೆಗಿದ್ದ ಡಾಕ್ಟರ ಕಾಗದವನ್ನು ಕನ್ನಡ ಮಾಡಿ ಓದಿ ಹೇಳಿದ. ಗುರುಬಸಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪಕ್ಕೆಲುಬುಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಬಂದಳು.

"ಈ ಬಿಳೀ ಚುಕ್ಕೆ ಏನಪ್ಪ?"

"ಗಾಯ ಮಾಯ್ದ ಗುರುತಂತೆ. ಅದು ಹೋಗೋದಿಲ್ವಂತೆ."

ಸರ್ವಮಂಗಳಾ ಒಳಗಿನಿಂದ ಬಂದು, ತಾಯಿ ಕೈಯಿಂದ ಹಾಳೆ ತಗೊಂಡು ತಾನೂ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮಡಿಕೆ ಬೀಳದ ಹಾಗೆ ಜೋಪಾನವಾಗಿ ಲಕೋಟೆಗೆ ಸೇರಿಸಿ, "ಮದುವೆ ವೈಶಾಖದಲ್ಲಿ ಇಟ್ಕೊಳ್ಳೋಣಮ್ಮ. ಆಗ ಇವರಿಗೆ ಸ್ಕೂಲಿಗೂ ರಜ ಇರುತ್ತೆ," ಅಂದಳು.