ಪಾವಗಡಕ್ಕೆ ಹೊರಟ ಹೊಂಗೆ ಸಸಿಗಳು

ನಾನು ಮದುವೆಯಾಗಿ ಮಧುಗಿರಿಗೆ ಬಂದ ಎರಡನೆಯ ಬೇಸಗೆ ಅದು. ನನ್ನ ಯಜಮಾನರು ಅರಣ್ಯ ಇಲಾಖೆಯ ಗಾರ್ಡು. ಕೆರೆಯ ಹಿಂಬದಿಯ ಸಸಿತೋಟ ಅವರ ಸುಪರ್ದಿಯಲ್ಲಿತ್ತು. ಸಣ್ಣ ಬಿದಿರು ಬುಟ್ಟಿಗಳಿಗೆ ಕೆರೆಗೋಡು ಮಣ್ಣು, ಮರಳು, ಗೊಬ್ಬರ ಬೆರೆಸಿ ತುಂಬಿ ಹೊಂಗೆ ಬೀಜ ಊರುವುದಕ್ಕೆ ನಾನೂ ಕೈಹಾಕಿದ್ದೆ. ಸಸಿ ಮೊಣಕಾಲುದ್ದ ಬಂದ ಮೇಲೆ ಅವರು ಚಪ್ಪರ ತೆಗೆಸಿದರು, ನೀರು ಕಡಿಮೆ ಮಾಡಿದರು. ಮಧ್ಯಾಹ್ನ ಎಲೆಗಳು ಜೋತುಬಿದ್ದಿರುವುದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

"ಒಂದೊಂದು ಚೊಂಬು ಹಾಕ್ಲಾ?" ಎಂದು ಕೇಳುತ್ತಿದ್ದೆ.

"ಬ್ಯಾಡ ಕಣೆ. ಇಲ್ಲಿ ಮುದ್ದು ಮಾಡಿದ್ರೆ ರಸ್ತೆ ಬದೀಲಿ ಬದುಕಲ್ಲ. ಸಂಜೆಗೆ ಅವೇ ಎದ್ದೇಳ್ತವೆ."

ಏಳುತ್ತಿದ್ದವು. ಆದರೂ ಏಳುವ ತನಕ ನಾನು ಪಾತಿಗಳ ಸುತ್ತ ಓಡಾಡುತ್ತಲೇ ಇರುತ್ತಿದ್ದೆ.

ಪಾವಗಡದ ಕಡೆ ಮಳೆ ಬಿದ್ದಿದೆ, ಗುಂಡಿ ತೋಡಿಸಿಯಾಗಿದೆ, ಕೂಡಲೇ ಸಸಿ ಕಳಿಸಿ ಎಂದು ಅಲ್ಲಿಯ ರೇಂಜರ ಅಪ್ಪಣೆ ಬಂದಾಗ ಯಜಮಾನರು ಚಳಿಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು.

"ಬಂಡಿಯವ್ನ ಕೈಗೆ ಬುಟ್ರೆ ಬುಟ್ಟಿ ಒಂದರ ಮೇಲೊಂದು ಒಟ್ತಾನೆ. ನೀನೇ ಹೋಗು," ಎಂದರು.

ಅತ್ತೆ ಅವರ ತಲೆಯ ಬಳಿ ಕುಳಿತರು. ನಾನು ಬಂಡಿ ಹತ್ತಿದೆ. ಊರು ದಾಟುವವರೆಗೂ ಮನೆಯ ಕಡೆಗೇ ನೋಡುತ್ತಿದ್ದೆ, ದಾಟಿದ ಮೇಲೆ ಸಸಿಗಳ ಕಡೆಗೆ.

ಪಾವಗಡಕ್ಕೆ ಹೋಗಬೇಕಾದರೆ ನಡುವೆ ಆಗಿನ ಮದರಾಸು ಸರ್ಕಾರದ ಸೀಮೆ ಹಾದು ಹೋಗಬೇಕು. ಮರುದಿನ ಅಲ್ಲಿ ಒಣಗಾಳಿ ಎದ್ದಿತು. ನಾವು ತಂದಿದ್ದ ನೀರು ಮುಗಿದಿತ್ತು. ಎಲೆಗಳ ಅಂಚು ಸುರುಟಿಕೊಳ್ಳತೊಡಗಿತ್ತು. ಬಂಡಿಯವನು, ನನ್ನ ತಂದೆಯ ವಯಸ್ಸಿನವನು, ಒಂದು ಹುಣಸೆ ತೋಪಿನಲ್ಲಿ ಎತ್ತು ಬಿಚ್ಚಿದ.

"ಅಣ್ಣ, ಹೋಗ್ಬುಡಾನ," ಎಂದೆ.

"ಎತ್ತು ಸತ್ರೆ ನೀನು ಎಳೀತೀಯಾ ತಾಯಿ? ಬಿಸ್ಲು ಇಳೀಲಿ, ಕೂತ್ಕೊ."

ಕೂರಲಾಗಲಿಲ್ಲ. ಬಿಂದಿಗೆ ಹಿಡಿದು ಹತ್ತಿರದ ಹಳ್ಳಿಯ ಬಾವಿಗೆ ಹೋದೆ. ನೀರು ಸೇದುತ್ತಿದ್ದ ಹೆಂಗಸರಲ್ಲಿ ಒಬ್ಬಳು ಹಗ್ಗಕ್ಕೆ ಕೈ ಅಡ್ಡ ಇಟ್ಟಳು. "ನೀಳ್ಳು ಲೇವಮ್ಮಾ. ಕುಡಿಯಾಕೇ ನೀರಿಲ್ಲ. ನಿಮ್ಮ ಮೈಸೂರು ಸರ್ಕಾರದ ಗಿಡಕ್ಕೆ ನಮ್ಮ ಬಾವೀನಾ?"

ಖಾಲಿ ಬಿಂದಿಗೆ ಎತ್ತಿಕೊಂಡೆ. ಹಿಂದಿರುಗುವಾಗ ಒಬ್ಬ ಮುದುಕಿ ನನ್ನ ಜೊತೆಗೇ ಬಂಡಿಯವರೆಗೆ ಬಂದಳು. ಒಂದು ಎಲೆಯನ್ನು ಬೆರಳಿನಿಂದ ಎತ್ತಿ ನೋಡಿ, "ಇವು ಎಲ್ಲಿಗೆ?" ಎಂದಳು.

"ರಸ್ತೆ ಬದೀಗೆ, ಅಜ್ಜಿ. ನೆರಳಿಗೆ."

ಅವಳು ಎಲೆಯನ್ನು ಮೆಲ್ಲಗೆ ಬಿಟ್ಟು, "ನಮ್ಮ ದನ ಕುಡಿದ ಮೇಲೆ ಬಾನೀಲಿ ಉಳಿದಿದ್ದು ತಗೋ," ಎಂದಳು.

ದನಗಳು ಕುಡಿಯುವುದನ್ನು ನಿಂತು ನೋಡಿದೆ. ಒಂದು ಎಮ್ಮೆ ಮೂತಿ ಎತ್ತಿತು, ಮತ್ತೆ ಇಳಿಸಿತು. ಕಲ್ಲಿನ ಬಾನಿಯ ತಳ ಕಾಣುತ್ತಿದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ಕೊನೆಗೆ ಉಳಿದದ್ದು ಬಗ್ಗಡದ ನೀರು. ಅದರಲ್ಲೇ ಗೋಣಿಗಳನ್ನು ಅದ್ದಿ ಸಸಿಗಳ ಮೇಲೆ ಹೊದಿಸಿದೆ. ಮಿಕ್ಕಿದ್ದನ್ನು ಬೊಗಸೆಯಲ್ಲಿ ಬುಡಬುಡಕ್ಕೂ ಬಿಟ್ಟೆ. ಬಿಸಿಲು ಇಳಿದ ಮೇಲೆ ಬಂಡಿಯವನು ನಾನು ಕೇಳುವ ಮೊದಲೇ ಎತ್ತು ಕಟ್ಟಿದ.

ಮರುದಿನ ಪಾವಗಡ ಸೇರಿದಾಗ ಕೂಲಿಯವರು ಕಾದು ಸಾಕಾಗಿ ಗುದ್ದಲಿ ಹೆಗಲಿಗೇರಿಸಿ ಹೊರಡುವುದರಲ್ಲಿದ್ದರು. ರೇಂಜರು ಒಂದು ಬುಟ್ಟಿಯನ್ನು ಕತ್ತಿಯಿಂದ ಸೀಳಿದರು. ಮಣ್ಣು ಉದುರಲಿಲ್ಲ, ಬಿಳಿ ಬೇರುಗಳು ಅದನ್ನು ಬಿಗಿಯಾಗಿ ಹಿಡಿದಿದ್ದವು.

"ಯಾರಮ್ಮ ಬೆಳೆಸಿದ್ದು?"

"ನಮ್ಮ ಯಜಮಾನ್ರು," ಎಂದೆ. ಆಮೇಲೆ, "ನಾನೂ," ಎಂದೆ.

ಕೂಲಿಯವರನ್ನು ರೇಂಜರು ಕೂಗಿ ನಿಲ್ಲಿಸಿದರು. ಕೊನೆಯ ಸಸಿ ನೆಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಖಾಲಿ ಬಂಡಿ ಹತ್ತಿದ ಕೂಡಲೇ ಯಜಮಾನರ ಜ್ವರದ ನೆನಪು ಬಂತು. ದಾರಿಯುದ್ದಕ್ಕೂ ಬೇಗ ಹೊಡೆಯೆಂದು ಬಂಡಿಯವನನ್ನು ಕಾಡಿದೆ. ಮನೆಗೆ ಬಂದರೆ ಅವರು ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಸೊರಗಿದ್ದರು, ಆದರೆ ಜ್ವರ ಬಿಟ್ಟಿತ್ತು.

"ಎಷ್ಟು ಬಾಡಿದ್ವು?" ಎಂಬುದೇ ಅವರ ಮೊದಲ ಮಾತು.

ಅಲ್ಲಿಂದ ಮುಂದೆ ಪಾವಗಡದಿಂದ ಬಂದ ಬಂಡಿಯವರನ್ನೆಲ್ಲ ತಡೆದು ಕೇಳುತ್ತಿದ್ದೆ. ಊರ ಹತ್ತಿರದವನ್ನು ಮೇಕೆ ತಿಂದಿವೆ, ಆಚೆಯವು ಚಿಗುರಿವೆ ಎಂದು ಒಬ್ಬ ಹೇಳಿದ. ಆ ದಿನ ನನಗೆ ಯಾವ ಕೆಲಸದಲ್ಲೂ ಕೈ ನಿಲ್ಲಲಿಲ್ಲ. ನಾನೇ ಹೋಗಿ ಮುಳ್ಳು ಕಟ್ಟಿ ಬರುತ್ತೇನೆಂದು ಹಟ ಹಿಡಿದೆ. ಯಜಮಾನರು ಬೇಡವೆನ್ನಲಿಲ್ಲ. ಆಗಷ್ಟೇ ಉದುರಿದ ಬೇವಿನ ಹಣ್ಣು ಒಂದು ಮೊರ ತಂದು ನನ್ನ ಮುಂದಿಟ್ಟು, "ಈ ಬೀಜ ಕಾಯ್ಕಂಡಿರಲ್ಲ, ಒಣಗಿದ್ರೆ ಹುಟ್ಟಲ್ಲ. ಇದನ್ನ ಊರಿಬುಟ್ಟು ಹೋಗು," ಎಂದರು.

ನಾನು ಬುಟ್ಟಿಗೆ ಮಣ್ಣು ತುಂಬಲು ಕೂತೆ.